ವರಾಛಾದ ಅಗಾಸಿ, ಸಿಂದಗಿಯ ಸೀತನಿ



ಮೈಕಿನ ಮುಂದೆ ನನಗೆ ಸಿಗುವುದು ಎರಡು ಹಾಡುಗಳ ನಡುವಿನ ಒಂದು ನಿಮಿಷ. ಅಷ್ಟರಲ್ಲಿ ಹೇಳಿ ಮುಗಿಯದ ಮಾತು ಇಲ್ಲಿದೆ. ಪುರುಸೊತ್ತಾದಾಗ ಓದಿ, ಜೊತೆಗೆ ಒಂದು ಲೋಟ ಚಹಾ ಇರಲಿ.

ಹೋದ ತಿಂಗಳು ಅಹಮದಾಬಾದಿನ ಮಣಿನಗರದಿಂದ ಹಿರಿಯ ಕೇಳುಗರೊಬ್ಬರು ಪತ್ರ ಬರೆದಿದ್ದರು. ಪ್ರೀತಿಯಿಂದಲೇ ಬೈದಿದ್ದರು. "ನೀವು ವಸಂತ ಬಂತು, ಶ್ರಾವಣ ಬಂತು ಎಂದು ಹಾಡು ಹಾಕುತ್ತೀರಮ್ಮ. ನಲವತ್ತು ವರ್ಷದಿಂದ ಇಲ್ಲಿ ಇದ್ದೇನೆ, ನನಗೆ ಕಂಡದ್ದು ಎರಡೇ ಕಾಲ. ಒಂದು ಬಿಸಿಲು, ಇನ್ನೊಂದು ಇನ್ನಷ್ಟು ಬಿಸಿಲು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕಿಟಕಿ ತೆರೆದರೆ ಎದುರುಮನೆಯ ಗೋಡೆ. ಋತು ಎಲ್ಲಿಂದ ಒಳಗೆ ಬರಬೇಕು?"

ನಾನೂ ಮೂರನೇ ಮಹಡಿಯವಳೇ. ಸೂರತ್ತಿನ ವರಾಛಾದಲ್ಲಿ ನಮ್ಮ ಬಾಡಿಗೆ ಮನೆ. ವರಾಛಾ ನೋಡದವರಿಗೆ ಹೇಳುತ್ತೇನೆ: ಇದು ವಜ್ರಕ್ಕೆ ಹೊಳಪು ಕೊಡುವವರ ಊರು. ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದ ಗಂಡಸರು ಸಾವಿರಗಟ್ಟಲೆ ಕಾರಖಾನೆಗಳಿಗೆ ನಡೆಯುತ್ತಾರೆ, ಘಂಟಿ ಎಂದು ಕರೆಯುವ ಚಕ್ರದ ಮುಂದೆ ನಾಲ್ಕು ನಾಲ್ಕು ಜನ ಕೂರುತ್ತಾರೆ. ಮಿನಿ ಬಜಾರಿನ ರಸ್ತೆಯಲ್ಲೇ ನಿಂತು, ಕಾಗದದ ಪೊಟ್ಟಣ ಬಿಚ್ಚಿ, ಅಂಗೈಯಲ್ಲಿ ವಜ್ರ ತೋರಿಸಿ ವ್ಯಾಪಾರ ಮಾಡುತ್ತಾರೆ. ಜಗತ್ತಿನಲ್ಲಿ ಸಾಣೆ ಹಿಡಿಯುವ ಹತ್ತು ವಜ್ರಗಳಲ್ಲಿ ಒಂಬತ್ತು ಸೂರತ್ತಿನ ಕೈ ದಾಟಿ ಹೋಗುತ್ತವೆ ಎಂಬ ಮಾತಿದೆ. ಇಷ್ಟು ಜನ, ಇಷ್ಟು ಸದ್ದು, ಇಷ್ಟು ಗೋಡೆ. ಮಣಿನಗರದ ಹಿರಿಯರ ಪ್ರಶ್ನೆ ಇಲ್ಲಿಗೂ ಸರಿಯಾಗಿಯೇ ಹೊಂದುತ್ತದೆ.

ನನಗೆ ಉತ್ತರ ಸಿಕ್ಕಿದ್ದು ಮೇಲಿನಿಂದ. ಮೇಲಿನಿಂದ ಎಂದರೆ ಮಾಳಿಗೆಯಿಂದ.

ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಮನೆಯ ಯಜಮಾನಿ, ಎಲ್ಲರೂ 'ಬಾ' ಎಂದು ಕರೆಯುವ ಅಜ್ಜಿ, ನನ್ನನ್ನು "ಅಗಾಸಿ ಪರ್ ಆವಜೇ ದೀಕರಿ" ಎಂದು ಕರೆದರು. ನಾನು ಧಾರವಾಡದಲ್ಲಿ ಕನ್ನಡ ಬಿ.ಎ. ಓದಿದವಳು, ಊರು ಸಿಂದಗಿ ಕಡೆ. ನಮ್ಮ ಕಡೆ ಅಗಸಿ ಎಂದರೆ ಊರಬಾಗಿಲು. ನೆಟ್ಟಗೆ ಕೆಳಗಿಳಿದು ಸೊಸೈಟಿಯ ಗೇಟಿನ ಹತ್ತಿರ ಹೋಗಿ ನಿಂತೆ. ಹತ್ತು ನಿಮಿಷ ಕಾದೆ. ಬಾ ಮೇಲಿನಿಂದ ಬಗ್ಗಿ ನೋಡಿ, ಇಡೀ ಓಣಿಗೆ ಕೇಳುವಂತೆ ನಕ್ಕರು. ಗುಜರಾತಿಯಲ್ಲಿ ಅಗಾಸಿ ಎಂದರೆ ಮನೆಯ ಮೇಲಿನ ಮಾಳಿಗೆ, ನಮ್ಮ ಬೆಂಗಳೂರಿನವರ ತಾರಸಿ. ಆ ದಿನ ಮೇಲೆ ಹತ್ತಿದವಳು ನಿಜವಾಗಿಯೂ ಒಂದು ಊರಬಾಗಿಲನ್ನೇ ದಾಟಿದೆ ಎಂದು ಈಗ ಅನಿಸುತ್ತದೆ.

ಬಾ ಹುಟ್ಟಿದ್ದು ಸೌರಾಷ್ಟ್ರದ ಅಮರೇಲಿ ಜಿಲ್ಲೆಯ ಹಳ್ಳಿಯಲ್ಲಿ. ವರಾಛಾದ ಬಹುಪಾಲು ಮನೆಗಳ ಕತೆ ಹೀಗೆಯೇ ಶುರುವಾಗುತ್ತದೆ. ಅಮರೇಲಿ, ಭಾವನಗರ, ಜುನಾಗಢ ಕಡೆಯ ರೈತರ ಮಕ್ಕಳು 1960ರ ದಶಕದಿಂದ ಒಬ್ಬೊಬ್ಬರಾಗಿ ವಜ್ರದ ಕೆಲಸ ಕಲಿಯಲು ಸೂರತ್ತಿಗೆ ಬಂದರು. 1980ರ ದಶಕದ ನಡುವಿನಲ್ಲಿ ಸೌರಾಷ್ಟ್ರಕ್ಕೆ ಮೇಲಿಂದ ಮೇಲೆ ಬರ ಬಿತ್ತು, ಆಗ ಊರಿಗೆ ಊರೇ ಬಂದಂತೆ ಬಂದರು. ನೇಗಿಲು ಹಿಡಿದ ಕೈ ವಜ್ರ ಹಿಡಿಯಿತು. ಹೊಲ ಹಿಂದೆ ಉಳಿಯಿತು, ಹೊಲದ ಪಂಚಾಂಗ ಮಾತ್ರ ಇವರ ಜೊತೆ ಬಸ್ಸು ಹತ್ತಿತು. ಆ ಪಂಚಾಂಗ ಈಗ ಇರುವುದು ಅಡಿಗೆಮನೆಯಲ್ಲಿ ಮತ್ತು ಅಗಾಸಿಯಲ್ಲಿ.

ಬಿ.ಎ.ಯಲ್ಲಿ ನಮಗೆ ಅಷ್ಟಾದಶ ವರ್ಣನೆ ಎಂಬ ಟಿಪ್ಪಣಿ ಕಡ್ಡಾಯವಾಗಿತ್ತು. ಮಹಾಕಾವ್ಯ ಎಂದ ಮೇಲೆ ಸಮುದ್ರ, ಪರ್ವತ, ಚಂದ್ರೋದಯ, ಋತು ಎಲ್ಲದರ ವರ್ಣನೆ ಬರಬೇಕು. ಐದು ಅಂಕದ ಪ್ರಶ್ನೆ, ಚೆನ್ನಾಗಿ ಬಾಯಿಪಾಠ ಮಾಡಿದ್ದೆ. ಅಲ್ಲಿಯ ಋತುವೆಲ್ಲ ಉಪವನದಲ್ಲಿ, ಅರಮನೆಯ ಕೊಳದಲ್ಲಿ, ವಿರಹಿಗಳ ಮೈಯಲ್ಲಿ ಬರುತ್ತಿತ್ತು. ಸಂಡಿಗೆ ಒಣಹಾಕಿದ ಹೆಂಗಸನ್ನು ಯಾವ ಕವಿಯೂ ಕಂಡಂತಿಲ್ಲ. ಆದರೆ ಕನ್ನಡದಲ್ಲಿ ಇನ್ನೊಂದು ಬಗೆಯ ಪುಸ್ತಕವೂ ಇದೆ. ಎರಡನೇ ಚಾವುಂಡರಾಯ ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'. ಚಾಲುಕ್ಯ ಜಯಸಿಂಹನ ಕಾಲದ್ದು. ಮಳೆ ಯಾವಾಗ ಬರುತ್ತದೆ ಎಂದು ಲಕ್ಷಣ ನೋಡುವುದು, ಬಾವಿ ತೋಡಲು ಜಾಗ ಗುರುತಿಸುವುದು, ಗಿಡಗಳ ಆರೈಕೆ, ಸುಗಂಧ, ಮದ್ದು, ಅಡಿಗೆ, ಎಲ್ಲ ಒಂದೇ ಪುಸ್ತಕದಲ್ಲಿ. ಮೋಡವೂ ಒಲೆಯೂ ಒಂದೇ ಸಂಸಾರದ ವಿಷಯ ಎಂದು ಆತ ಸಾವಿರ ವರ್ಷದ ಹಿಂದೆಯೇ ತಿಳಿದಿದ್ದ. ಪರೀಕ್ಷೆಗೆ ಇದರ ಹೆಸರು, ಇಸವಿ ಇಷ್ಟೇ ಓದಿದ್ದೆ. ಅರ್ಥವಾದದ್ದು ಬಾ ಜೊತೆ ಅಗಾಸಿ ಹತ್ತಿದ ಮೇಲೆ.

ಇನ್ನೊಂದು ಹಳೆಯ ನಂಟನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾವು ಕನ್ನಡಿಗರು ಸೂರತ್ತಿಗೆ ಹೊಸಬರು ಎಂದುಕೊಂಡಿದ್ದೆ. ಈ ದಕ್ಷಿಣ ಗುಜರಾತಿಗೆ ಹಿಂದೆ ಲಾಟ ಎಂದು ಹೆಸರು. ರಾಷ್ಟ್ರಕೂಟರ ಒಂದು ಶಾಖೆ ಇಲ್ಲಿ ಆಳುತ್ತಿತ್ತು. 814ರಲ್ಲಿ ಅಮೋಘವರ್ಷ ನೃಪತುಂಗ ಇನ್ನೂ ಬಾಲಕನಾಗಿ ಪಟ್ಟಕ್ಕೆ ಬಂದಾಗ ಸಾಮಂತರು ದಂಗೆಯೆದ್ದರು. ಹುಡುಗನ ಬೆನ್ನಿಗೆ ನಿಂತು ಪಟ್ಟ ಉಳಿಸಿಕೊಟ್ಟವನು ಲಾಟದ ಕರ್ಕ ಸುವರ್ಣವರ್ಷ, ಸಂಬಂಧದಲ್ಲಿ ದೊಡ್ಡಪ್ಪ-ಚಿಕ್ಕಪ್ಪನ ಮಗ. ಅದೇ ಕರ್ಕನ ಒಂದು ತಾಮ್ರಪಟ ಸೂರತ್ತಿನ ಹೆಸರಿನಲ್ಲೇ ಪ್ರಸಿದ್ಧ: ಶಕ 743, ಅಂದರೆ ಕ್ರಿ.ಶ. 821, ಪಕ್ಕದ ನವಸಾರಿಯ ಜೈನ ಬಸದಿಗೆ ಕೊಟ್ಟ ದಾನದ್ದು. ಆ ಹುಡುಗ ಉಳಿದದ್ದರಿಂದಲೇ ಮುಂದೆ ಅವನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು. ಕನ್ನಡ ಬಿ.ಎ. ಮಾಡಿದವಳು ಲಾಟದೇಶಕ್ಕೆ ಇಷ್ಟಾದರೂ ಋಣಿಯಾಗಿರಬೇಡವೇ?

ರಾಜರು ಹೋದರು. ದಿನ ಎಣಿಸುವ ರೀತಿ ಮಾತ್ರ ಎರಡೂ ಕಡೆ ಒಂದೇ ಉಳಿಯಿತು. ಉತ್ತರ ಭಾರತದ ಹೆಚ್ಚಿನ ಕಡೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಗುಜರಾತಿನಲ್ಲೂ ನಮ್ಮಲ್ಲೂ ಅಮಾವಾಸ್ಯೆಗೆ ಮುಗಿಯುತ್ತದೆ. ನಮ್ಮ ಶ್ರಾವಣ ಶುರುವಾದ ದಿನವೇ ಬಾ ಅವರ ಶ್ರಾವಣವೂ ಶುರು. ಲಖನೌ ಕಡೆಯ ನೆರೆಮನೆಯವರಿಗೆ ಅದಾಗಲೇ ಹದಿನೈದು ದಿನ ಕಳೆದಿರುತ್ತದೆ. ವ್ಯತ್ಯಾಸ ಇರುವುದು ವರ್ಷದ ಲೆಕ್ಕದಲ್ಲಿ. ನಮ್ಮದು ಶಾಲಿವಾಹನ ಶಕ, ಯುಗಾದಿಗೆ ಹೊಸ ವರ್ಷ. ಇವರದು ವಿಕ್ರಮ ಸಂವತ್, ದೀಪಾವಳಿಯ ಮಾರನೇ ದಿನ, ನಮ್ಮ ಬಲಿಪಾಡ್ಯಮಿಗೆ ಹೊಸ ವರ್ಷ. ಯುಗಾದಿಯ ದಿನ ನಾನು ಬೇವು-ಬೆಲ್ಲ ಕೊಡಲು ಹೋದರೆ, "ನಿನ್ನ ವರ್ಷ ಬಂತಾ, ನನ್ನದಕ್ಕೆ ಇನ್ನೂ ಏಳು ತಿಂಗಳಿದೆ" ಎಂದು ಬಾ ಕಣ್ಣು ಮಿಟುಕಿಸುತ್ತಾರೆ. ಒಂದೇ ಮಾಳಿಗೆಯ ಮೇಲೆ ವರ್ಷಕ್ಕೆ ಎರಡು ಹೊಸ ವರ್ಷ. ಲಾಭವೇ.

ಬೇಸಿಗೆಯಿಂದ ಶುರು ಮಾಡೋಣ, ಮಣಿನಗರದ ಹಿರಿಯರಿಗೆ ಸಿಟ್ಟಿರುವುದು ಅದರ ಮೇಲೆಯೇ. ಆ ಸಿಟ್ಟು ಸುಳ್ಳಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಬಿಸಿಲು 46 ಡಿಗ್ರಿ ದಾಟಿ ನೂರಾರು ಜನ ಸತ್ತರು. ಅದರ ನಂತರ 2013ರಲ್ಲಿ ಅಲ್ಲಿಯ ಮಹಾನಗರಪಾಲಿಕೆ ಬಿಸಿಗಾಳಿಯನ್ನು ಎದುರಿಸುವ ಯೋಜನೆಯನ್ನೇ ಮಾಡಿತು, ದಕ್ಷಿಣ ಏಷ್ಯಾದಲ್ಲಿ ಅಂಥದ್ದು ಮೊದಲನೆಯದು. ಆದ್ದರಿಂದ ಬಿಸಿಲನ್ನು ಹಾಡಿ ಹೊಗಳುವ ಧೈರ್ಯ ನನಗಿಲ್ಲ. ಆದರೆ ಅದೇ ಬಿಸಿಲನ್ನು ಬಾ ಕೂಲಿಗೆ ಇಟ್ಟುಕೊಂಡಿದ್ದಾರೆ. ಏಪ್ರಿಲ್ ಬಂತೆಂದರೆ ಬೆಳಿಗ್ಗೆ ಆರು ಗಂಟೆಗೆ ಅಗಾಸಿಯಲ್ಲಿ ಹಳೆಯ ಸೀರೆ ಹಾಸುತ್ತಾರೆ. ಜೀರಿಗೆ, ಹಸಿಮೆಣಸು, ಹಪ್ಪಳಖಾರ ಹಾಕಿ ಕುದಿಸಿದ ನೀರಿಗೆ ಅಕ್ಕಿಹಿಟ್ಟು ಸುರಿದು ಗೊಟಾಯಿಸಿ, ಹಬೆಯಲ್ಲಿ ಬೇಯಿಸುತ್ತಾರೆ. ಅದನ್ನು ಲಟ್ಟಿಸಿ ಒಣಗಿಸಿದರೆ ಖೀಚಿಯಾ ಹಪ್ಪಳ. ಒಣಗಿಸುವ ಮೊದಲೇ ಬಿಸಿಬಿಸಿಯಾಗಿ ಬಟ್ಟಲಿಗೆ ಹಾಕಿ, ಮೇಲೆ ಎಣ್ಣೆ ಬಿಟ್ಟು, ಕೆಂಪುಖಾರ ಉದುರಿಸಿ ತಿಂದರೆ ಅದೇ ಖೀಚು.

ಮೊದಲ ತುತ್ತಿಗೇ ನನ್ನ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಬಾ ತಿಳಿದರು. ಅದು ನಮ್ಮ ಸಂಡಿಗಿ ಹಿಟ್ಟು! ಅವ್ವ ಮಾಳಿಗೆಯ ಮೇಲೆ ಸಂಡಿಗಿ ಇಡುವಾಗ, ಕಾಗೆ ಓಡಿಸಲು ಕೋಲು ಹಿಡಿದು ಕೂತ ನಾನು ಮತ್ತು ನನ್ನ ತಮ್ಮ ಕದ್ದು ತಿನ್ನುತ್ತಿದ್ದ ಹಿಟ್ಟು. "ಹೊಟ್ಟಿ ನೋಯತೈತಿ, ಬಿಡ್ರೋ" ಎಂದು ಅವ್ವ ಬೈಯುತ್ತಿದ್ದಳು, ಬೈದು ತಾನೇ ಇನ್ನೊಂದು ಉಂಡೆ ಕೊಡುತ್ತಿದ್ದಳು. ನಮ್ಮಲ್ಲಿ ಕದ್ದು ತಿನ್ನುವುದಕ್ಕೆ ಹೆಸರಿಲ್ಲ. ಗುಜರಾತಿನವರು ಅದಕ್ಕೆ ಹೆಸರಿಟ್ಟು, ಬಟ್ಟಲಿಗೆ ಹಾಕಿ, ಅಂಗಡಿಯಲ್ಲೂ ಮಾರುತ್ತಾರೆ. ವ್ಯಾಪಾರದ ಬುದ್ಧಿ ಎಂದರೆ ಇದು.

ಮುಂದೆ ಛೂಂದೋ. ಮಾವಿನಕಾಯಿ ತುರಿದು, ಸಕ್ಕರೆ ಬೆರೆಸಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ದಿನಗಟ್ಟಲೆ ಬಿಸಿಲಿಗಿಡುತ್ತಾರೆ. ಒಲೆಯ ಹಂಗೇ ಇಲ್ಲ, ಸೂರ್ಯನೇ ಪಾಕ ತೆಗೆಯುತ್ತಾನೆ. ಬಿಸಿಲು ಎಷ್ಟು ಚುರುಕಾಗಿತ್ತು ಎಂದು ಹವಾಮಾನ ಇಲಾಖೆ ಹೇಳುವ ಮೊದಲು ಬಾ ಜಾಡಿ ಓರೆ ಮಾಡಿ ನೋಡಿ ಹೇಳುತ್ತಾರೆ.

ಮಳೆಗೆ ಇಲ್ಲಿಯವರೂ ನಕ್ಷತ್ರದ ಹೆಸರೇ ಹಿಡಿಯುತ್ತಾರೆ. ಗುಜರಾತಿನ ಹಳ್ಳಿಗರಿಗೆ ಭಡಲಿಯ ಮಾತುಗಳು ಎಂದರೆ ಮಳೆಶಾಸ್ತ್ರ. ನಮಗೆ ಗಾದೆಗಳಿವೆ. ಮೇ ಕೊನೆಯಲ್ಲಿ ಒಂದು ಸಂಜೆ ಮೋಡ ಕಟ್ಟಿದಾಗ, "ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲಾ ಜೋಳ" ಎಂದು ನಾನು ಹೇಳಿ, ನನ್ನ ಹರಕು ಗುಜರಾತಿಯಲ್ಲಿ ಅರ್ಥ ಬಿಡಿಸಿದೆ. ರೋಹಿಣಿ, ಜೋಳ, ಎರಡೇ ಶಬ್ದ ಬಾ ಹಿಡಿದುಕೊಂಡರು. ತಲೆಯಾಡಿಸಿ ಕೆಳಗಿನ ಡಾಂಬರು ಓಣಿಯನ್ನು ನೋಡಿದರು. "ಇಲ್ಲಿ ಓಣಿ ತುಂಬ ಬರೇ ಸ್ಕೂಟರ್" ಎಂದರು.

ಈ ಊರಿನ ಇತಿಹಾಸವೂ ಮಳೆಯ ಕಡೆಗೇ ಮುಖ ಮಾಡಿ ನಿಂತದ್ದು. ಮೊಗಲರ ಕಾಲದಲ್ಲಿ ಸೂರತ್ ಪಶ್ಚಿಮ ಕರಾವಳಿಯ ದೊಡ್ಡ ಬಂದರು, ಹಜ್ ಯಾತ್ರೆಯ ಹಡಗುಗಳೂ ಇಲ್ಲಿಂದಲೇ ಹೊರಡುತ್ತಿದ್ದವು. ಮುಂಗಾರಿನ ತಿಂಗಳುಗಳಲ್ಲಿ ಸಮುದ್ರ ಮುಚ್ಚಿದ ಹಾಗೆ. ಶ್ರಾವಣದ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಹಡಗು ಬಿಡುವುದು. ನಮ್ಮ ಕರಾವಳಿಯ ಮೊಗವೀರರು ನೂಲ ಹುಣ್ಣಿಮೆಗೆ ಮಾಡುವ ಸಮುದ್ರಪೂಜೆಯೂ ಅದೇ ಅಲ್ಲವೇ?

ಆದರೆ ಮಳೆ ಎಂದರೆ ಸೂರತ್ತಿಗೆ ಬರೇ ಭಜಿಯಾ ಅಲ್ಲ. 2006ರ ಆಗಸ್ಟ್ 7ರಿಂದ ಮೂರು-ನಾಲ್ಕು ದಿನ ತಾಪಿ ಹೊಳೆ ಊರೊಳಗೇ ಇತ್ತು. ಸುಮಾರು 100 ಕಿ.ಮೀ. ಮೇಲಿನ ಉಕಾಯಿ ಅಣೆಕಟ್ಟು ತುಂಬಿ, ಒಂದು ಹಂತದಲ್ಲಿ ಸುಮಾರು 9 ಲಕ್ಷ ಕ್ಯೂಸೆಕ್ ನೀರು ಬಿಟ್ಟರು. ನಗರದ ಬಹುಪಾಲು ಮುಳುಗಿತು. ಬಾ ಆಗ ಹೊಳೆದಂಡೆಗೆ ಇನ್ನೂ ಹತ್ತಿರದ ಓಣಿಯಲ್ಲಿದ್ದರಂತೆ. ನೀರು ಮೆಟ್ಟಿಲು ಹತ್ತಿ ಬರುವಾಗ ಗಂಡಸರು ಟಿ.ವಿ., ಕಪಾಟಿನ ಕಾಗದಪತ್ರ ಎಂದು ಓಡಾಡಿದರೆ, ಬಾ ಉಪ್ಪಿನಕಾಯಿ ಜಾಡಿಗಳನ್ನು ಅಗಾಸಿಗೆ ಹೊತ್ತರು. ಎಲ್ಲರೂ ಬೈದರು. ಮೂರು ದಿನ ಕರೆಂಟಿಲ್ಲ, ಕುಡಿಯುವ ನೀರಿಲ್ಲ. ಎಂಟು ಮನೆಯವರು ಒಂದೇ ಮಾಳಿಗೆಯ ಮೇಲೆ, ಒಂದೇ ಪ್ಲಾಸ್ಟಿಕ್ ಹಾಳೆಯ ಕೆಳಗೆ. ಸೀಮೆಎಣ್ಣೆ ಸ್ಟೌವಿನ ಮೇಲೆ ಖಿಚಡಿ, ಅದರ ಜೊತೆಗೆ ಆ ಬೇಸಿಗೆಯ ಛೂಂದೋ. "ಮೇ ತಿಂಗಳ ಬಿಸಿಲನ್ನು ಆಗಸ್ಟ್‌ನಲ್ಲಿ ಹಂಚಿದೆ" ಎಂದು ಬಾ ಈಗಲೂ ಹೇಳುತ್ತಾರೆ. ಅವರ ಕೈಯಿಂದ ಇನ್ನೊಂದು ಮಾತೂ ಬರುತ್ತದೆ, ಮೆಲ್ಲಗೆ: ಆ ಓಣಿಯ ಕೊನೆಯ ಮನೆಯವರಿಗೆ ಹತ್ತಲು ಮಾಳಿಗೆ ಇರಲಿಲ್ಲ. ಅದಕ್ಕಿಂತ ಹೆಚ್ಚು ಅವರು ಹೇಳುವುದಿಲ್ಲ, ನಾನೂ ಕೇಳಿಲ್ಲ.

ಮಳೆ ಹಿಂದೆ ಸರಿದ ಮೇಲೆ ಆಶ್ವಯುಜದ ಹುಣ್ಣಿಮೆ. ನಮ್ಮ ಕಡೆ ಸೀಗಿ ಹುಣ್ಣಿಮೆ, ಇಲ್ಲಿ ಶರದ್ ಪೂನಮ್. ನಮ್ಮಲ್ಲಿ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಪೈರು ಹೊತ್ತ ಭೂಮಿತಾಯಿಗೆ ಬಸುರಿಯ ಬಯಕೆ ತೀರಿಸುವಂತೆ ಉಣಿಸುತ್ತೇವೆ. ಇವರು ಹಾಲಿನಲ್ಲಿ ಅವಲಕ್ಕಿ ನೆನೆಸಿ ಬೆಳದಿಂಗಳಲ್ಲಿ ಇಟ್ಟು ತಿನ್ನುತ್ತಾರೆ. ಮಾರನೇ ದಿನ ಸೂರತ್ತಿಗೇ ಮೀಸಲಾದ ಹಬ್ಬ, ಚಾಂದನಿ ಪಡವೋ. ಆ ರಾತ್ರಿ ಇಡೀ ಊರು ಮಾಳಿಗೆ, ಫುಟ್‌ಪಾತು, ಹೊಳೆದಂಡೆ ಎನ್ನದೆ ಚಾಪೆ ಹಾಸಿ ಕೂತು ಘಾರಿ ತಿನ್ನುತ್ತದೆ. ಖೋವಾ, ಬಾದಾಮಿ, ಪಿಸ್ತಾ ತುಂಬಿ, ತುಪ್ಪದಲ್ಲಿ ಕರಿದು, ಮತ್ತೆ ತುಪ್ಪದಲ್ಲೇ ಮುಳುಗಿಸಿದ ಸಿಹಿ. ಡಾಕ್ಟರರಿಗೆ ತೋರಿಸುವಂಥದ್ದಲ್ಲ. 1857ರ ತಾತ್ಯಾ ಟೋಪೆಗೂ ಘಾರಿಗೂ ನಂಟು ಕಲ್ಪಿಸುವ ಕತೆಯೊಂದು ಇಲ್ಲಿ ಪ್ರಚಾರದಲ್ಲಿದೆ. ಕತೆಯನ್ನು ಕತೆಯ ಹಾಗೆ ಕೇಳಿ, ಘಾರಿಯನ್ನು ಘಾರಿಯ ಹಾಗೆ ತಿನ್ನುವುದು ಒಳ್ಳೆಯದು.

ದೀಪಾವಳಿಗೆ ವರಾಛಾ ಖಾಲಿ. ವಜ್ರದ ಕಾರಖಾನೆಗಳು ಸುಮಾರು ಮೂರು ವಾರ ಬಾಗಿಲು ಹಾಕುತ್ತವೆ, ಜನ ಸೌರಾಷ್ಟ್ರಕ್ಕೆ ಹೊರಡುತ್ತಾರೆ. ಹಿಂದೆ ಖಂಭಾತ್ ಕೊಲ್ಲಿ ಸುತ್ತಿ ಹೋಗಬೇಕಿತ್ತು, 370 ಕಿ.ಮೀ. 2020ರ ನವೆಂಬರಿನಲ್ಲಿ ಹಜೀರಾದಿಂದ ಘೋಘಾಕ್ಕೆ ದೊಡ್ಡ ದೋಣಿ ಶುರುವಾಗಿ ಅದು 90 ಕಿ.ಮೀ. ಸಮುದ್ರದಾರಿಯಾಯಿತು. ಆ ಮೂರು ವಾರ ನಮ್ಮ ಓಣಿಯಲ್ಲಿ ಗುಬ್ಬಿಯ ಸದ್ದು ಕೇಳುತ್ತದೆ. ನನಗೆ ಅದು ಇಷ್ಟ, ಆದರೆ ಬಾ ಅವರಿಗೆ ಖಾಲಿ ಓಣಿ ಕಂಡರೆ ಆಗುವುದಿಲ್ಲ. 2008ರ ದೀಪಾವಳಿ ಅವರಿಗೆ ನೆನಪಿದೆ. ಅಮೆರಿಕದ ಬ್ಯಾಂಕುಗಳು ಬಿದ್ದವು, ವಜ್ರ ಕೊಳ್ಳುವವರಿಲ್ಲ, ರಜೆ ಮುಗಿದರೂ ಎಷ್ಟೋ ಕಾರಖಾನೆಗಳ ಬಾಗಿಲು ತೆರೆಯಲಿಲ್ಲ. ಊರಿಗೆ ಹೋದ ಎಷ್ಟೋ ಸಂಸಾರಗಳು ತಿರುಗಿ ಬರಲಿಲ್ಲ. ಅದಕ್ಕೇ ರಜೆ ಮುಗಿದು ಕೆಳಗಿನ ಕಾರಖಾನೆಯಲ್ಲಿ ಘಂಟಿಯ ಗುಂಯ್ ಸದ್ದು ಶುರುವಾದ ದಿನ ಬಾ ಸಣ್ಣಗೆ ಲಾಪ್ಸಿ ಮಾಡಿ ಹಂಚುತ್ತಾರೆ. ಯಾವ ಪಂಚಾಂಗದಲ್ಲೂ ಇಲ್ಲದ ಹಬ್ಬ.

ಇನ್ನು ಚಳಿಗಾಲ. ನಾನು ಈ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ.

ಉತ್ತರಾಯಣದ ಗಾಳಿಪಟ ನಿಮಗೆ ಗೊತ್ತೇ ಇದೆ. ಜನವರಿ 14 ಮತ್ತು 15, ಎರಡು ದಿನ ಗುಜರಾತು ಮನೆಯೊಳಗೆ ಇರುವುದಿಲ್ಲ, ಮಾಳಿಗೆಯ ಮೇಲಿರುತ್ತದೆ. ಸೂರತ್ತಿನ ಮಾಂಜಾ ದಾರಕ್ಕೆ ದೊಡ್ಡ ಹೆಸರು. (ನೈಲಾನಿನ ಚೀನೀ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲಿ ನಿಷೇಧಿಸಿದೆ. ಹಕ್ಕಿಗಳು ಗೂಡಿಗೆ ಮರಳುವ ಹೊತ್ತಿಗೆ ಯಾವ ದಾರವನ್ನೂ ಏರಿಸಬೇಡಿ, ದಯವಿಟ್ಟು.) ಆ ದಿನ ಊಂಧಿಯುಂ ಆಗಲೇಬೇಕು. ಹೆಸರಿನ ಅರ್ಥ ತಲೆಕೆಳಗು. ಮಡಕೆಯನ್ನು ಬೋರಲು ಹಾಕಿ ನೆಲದಲ್ಲಿ ಸುಡುತ್ತಿದ್ದ ಅಡಿಗೆ. ವಲಸಾಡ ಕಡೆಯ ರಸ್ತೆಬದಿಯಲ್ಲಿ ಈಗಲೂ ಉಂಬಾಡಿಯುಂ ಎಂಬ ಹೆಸರಿನಲ್ಲಿ ಹಾಗೆಯೇ ಸುಡುತ್ತಾರೆ. ಸೂರತ್ತಿನವರ ಊಂಧಿಯುಂ ಮಡಕೆ ಬಿಟ್ಟು ಪಾತ್ರೆಗೆ ಬಂದಿದೆ, ಹಸಿ ಬೆಳ್ಳುಳ್ಳಿ, ಕೊತ್ತಂಬರಿ, ತೆಂಗಿನತುರಿಯಿಂದ ಹಸಿರುಹಸಿರಾಗಿ. ಅದರ ಜೀವ ಪಾಪಡಿ. ಪಾಪಡಿ ಬೇರೆ ಯಾವುದೂ ಅಲ್ಲ, ನಮ್ಮ ಅವರೆಯ ಬಳಗವೇ. ಬೆಂಗಳೂರಿನವರು ಸೊಗಡವರೆಗೆ ಕಾಯುವ ಅದೇ ಡಿಸೆಂಬರ್-ಜನವರಿಯಲ್ಲಿ ಸೂರತ್ತಿನವರು ಪಾಪಡಿಗೆ ಕಾಯುತ್ತಾರೆ. ಅದರಲ್ಲೂ ಕತಾರಗಾಮದ ಪಾಪಡಿ ಎಂದರೆ ಹೆಸರುವಾಸಿ. ಕತಾರಗಾಮ ಎಲ್ಲಿದೆ? ನಮ್ಮ ವರಾಛಾದ ಮಗ್ಗುಲಲ್ಲೇ. ಈಗ ಅಲ್ಲಿ ಹೊಲವಿಲ್ಲ, ವಜ್ರದ ಕಾರಖಾನೆಗಳ ಸಾಲು. ಪಾಪಡಿ ಬೇರೆ ಊರಿನಿಂದ ಬರುತ್ತದೆ, ಕತಾರಗಾಮದ ಹೆಸರು ಮಾತ್ರ ಗಾಡಿಯ ಮೇಲೆ ಕೂತಿದೆ.

ಡಿಸೆಂಬರಿನ ಒಂದು ಸಂಜೆ ಬಾ ಕಾಗದದ ಪೊಟ್ಟಣ ತಂದು ನನ್ನ ಮುಂದೆ ಬಿಚ್ಚಿದರು. "ಪೋಂಕ್" ಎಂದರು. ಹಸಿರು ಮುತ್ತಿನಂಥ ಕಾಳು, ಇನ್ನೂ ಬೆಚ್ಚಗೆ. ಮೂಗಿನ ಹತ್ತಿರ ತಂದೆ. ಕೇಳುಗರೇ, ವಿಜಯಪುರ, ಕಲಬುರಗಿ, ಬಾಗಲಕೋಟೆ ಕಡೆಯವರಿಗೆ ಮುಂದಿನದು ಹೇಳಬೇಕಾಗಿಲ್ಲ. ಅದು ಸೀತನಿ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಬಡಿದು, ಸಿಪ್ಪೆ ಊದಿ ತೆಗೆದ ಹಾಲುಗಾಳು. ನಾವು ಹೊಲದಲ್ಲಿ ಸಣ್ಣ ಕುಣಿ ತೋಡಿ, ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬೆಲ್ಲ ಅಥವಾ ಗುರೆಳ್ಳು ಚಟ್ನಿ ಹಚ್ಚಿ ತಿನ್ನುತ್ತೇವೆ. ಇವರು ಹೊಳೆಯಾಚೆಯ ಅಡಾಜಣದಲ್ಲಿ ಭಟ್ಟಿ ಹಾಕಿ ಸುಟ್ಟು, ನಿಂಬೆ-ಮೆಣಸಿನ ಸೇವ್ ಬೆರೆಸಿ ತಿನ್ನುತ್ತಾರೆ, ವಡೆಯನ್ನೂ ಕರಿಯುತ್ತಾರೆ. ಕಾಳು ಒಂದೇ, ಹೊಗೆಯ ವಾಸನೆ ಒಂದೇ, ತಿಂಗಳೂ ಒಂದೇ. ಆಫ್ರಿಕಾದಲ್ಲಿ ಹುಟ್ಟಿ ಸಾವಿರಾರು ವರ್ಷದ ಹಿಂದೆ ನಮ್ಮ ದೇಶಕ್ಕೆ ಬಂದ ಜೋಳ, ಭೀಮಾತೀರದವರಿಗೂ ತಾಪಿತೀರದವರಿಗೂ ಒಂದೇ ಆಸೆ ಕಲಿಸಿದೆ: ತೆನೆ ಬಲಿಯುವ ತನಕ ಕಾಯಬಾರದು.

ಅವತ್ತೇ ಊರಿಗೆ ಫೋನ್ ಮಾಡಿದೆ. "ಯವ್ವಾ, ಇಲ್ಲಿ ಸೀತನಿ ಸಿಕ್ಕೈತಿ! ನಮ್ಮ ಹೊಲದಾಗ ಎಲ್ಲಿಗೆ ಬಂತು?"

ಆ ಕಡೆ ಸ್ವಲ್ಪ ಹೊತ್ತು ಸುಮ್ಮನೆ. "ಎಲ್ಲೀ ಸೀತನಿ ತಗೀ. ಹೊಲದಾಗ ಕಬ್ಬ ನಿಂತೈತಿ. ನಿಮ್ಮಪ್ಪ ನಿನಗ ಹೇಳಿಲ್ಲೇನು?"

ಹೇಳಿರಲಿಲ್ಲ. ಇದಕ್ಕೂ ಒಂದು ಇತಿಹಾಸವಿದೆ. ಆಲಮಟ್ಟಿಯ ಅಡಿಗಲ್ಲು ಬಿದ್ದದ್ದು 1964ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್‌ನಲ್ಲಿ, ಸೂರತ್ತು ನೀರಿನಿಂದ ಎದ್ದು ಕೆಸರು ಬಳಿಯುತ್ತಿದ್ದ ಅದೇ ತಿಂಗಳು. ಕೃಷ್ಣೆಯ ನೀರು ನಾರಾಯಣಪುರದಿಂದ ಇಂಡಿ ಶಾಖಾ ಕಾಲುವೆ ಹಿಡಿದು ನಮ್ಮ ಸೀಮೆಗೂ ಬಂತು. ಮಳೆ ನಂಬಿ ಮಾಲದಂಡಿ ಜೋಳ ಬಿತ್ತುತ್ತಿದ್ದ ಎರೆಹೊಲಗಳಿಗೆ ಕಬ್ಬು ಬಂತು. ನನ್ನ ಅಪ್ಪ ತಪ್ಪು ಮಾಡಿದರು ಎಂದು ಹೇಳಲಾರೆ. ಜೋಳದ ರೇಟಿನಲ್ಲಿ ಮಗಳ ಮದುವೆಯ ಸಾಲ ತೀರುವುದಿಲ್ಲ, ಅದು ನನ್ನದೇ ಮದುವೆ.

ಬಾ ಅವರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಲ್ಲಿಯೂ ಅದೇ ಆಗಿದೆ. 1950ರ ದಶಕದ ಕಾಕರಾಪಾರ ಒಡ್ಡು, 1972ರಲ್ಲಿ ಮುಗಿದ ಉಕಾಯಿ, ಅವುಗಳ ಕಾಲುವೆ ಬಂದಲ್ಲೆಲ್ಲ ಸೂರತ್ ಜಿಲ್ಲೆ ಕಬ್ಬಿನ ಜಿಲ್ಲೆಯಾಯಿತು. ಬಾರಡೋಲಿ ಎಂದರೆ ನಮಗೆ 1928ರ ಸರದಾರ್ ಪಟೇಲರ ಸತ್ಯಾಗ್ರಹ, ಇಲ್ಲಿಯ ಮಕ್ಕಳಿಗೆ ಸಕ್ಕರೆ ಕಾರಖಾನೆಯೂ ಹೌದು. ಕಬ್ಬು ಮುಟ್ಟದ ಕಡೆ ನಗರ ಮುಟ್ಟಿದೆ. ಉಳಿದ ಜೋಳದ ಹೊಲಗಳಿಂದ ಪೋಂಕ್ ಬರುತ್ತದೆ, ಅದಕ್ಕೇ ಅದರ ಬೆಲೆ ಕೇಳಿದರೆ ನಮ್ಮ ಅಪ್ಪ ನಂಬುವುದಿಲ್ಲ. "ಸೀತನಿಗೆ ಯಾರರ ರೊಕ್ಕಾ ಕೊಡ್ತಾರೇನವಾ?" ಎಂದರು. ಹೊಲದ ಬದುವಿನಲ್ಲಿ ನಿಂತ ಯಾರಿಗೇ ಆಗಲಿ ಕರೆದು ಕೊಡುತ್ತಿದ್ದ ವಸ್ತು ಅದು.

ಹೋದ ಚಳಿಗಾಲ ಅಪ್ಪ-ಅವ್ವ ಇಬ್ಬರೂ ಮೊದಲ ಸಲ ವರಾಛಾಕ್ಕೆ ಬಂದರು. ಎಳ್ಳ ಅಮಾವಾಸ್ಯೆಯ ದಿನ. ಊರಲ್ಲಾದರೆ ಅಂದು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಮಾಡಿದ ಅಡಿಗೆಯನ್ನು ಪೈರಿಗೆ ಎರಚಿ ಆಮೇಲೆ ಉಣ್ಣಬೇಕು. ಅವ್ವ ಬೆಳಿಗ್ಗೆಯೇ ಎದ್ದು ಸಜ್ಜೆಕಡುಬು, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ ಮಾಡಿಟ್ಟಳು. ಮಾಡಿಟ್ಟು, "ಎಲ್ಲಿ ಚೆಲ್ಲೂದು?" ಎಂದು ಕಿಟಕಿಯ ಕಡೆ ನೋಡಿದಳು. ಕಿಟಕಿಯಲ್ಲಿ ಎದುರುಮನೆಯ ಗೋಡೆ.

ಬಾ ಬಂದು ಅವಳ ಕೈಹಿಡಿದು ಅಗಾಸಿಗೆ ಕರೆದುಕೊಂಡು ಹೋದರು. ಅಲ್ಲಿ ಹಳೆಯ ಪೇಂಟಿನ ಡಬ್ಬಿಗಳಲ್ಲಿ ಬಾ ಬೆಳೆಸಿದ ತುಳಸಿ, ಹಸಿ ಬೆಳ್ಳುಳ್ಳಿ, ಗೋಡೆಗೆ ಹಬ್ಬಿದ ಒಂದು ಪಾಪಡಿ ಬಳ್ಳಿ. ಕತಾರಗಾಮದ ಬೀಜವೇ ಎಂದು ಬಾ ಆಣೆ ಮಾಡುತ್ತಾರೆ. ಅವ್ವ ಬಳ್ಳಿಯನ್ನು ನೋಡಿದಳು, "ಅವರಿ ಐತಲ್ಲ ಇಲ್ಲಿ" ಎಂದಳು, ಸೆರಗು ತಲೆಯ ಮೇಲೆ ಎಳೆದುಕೊಂಡು ಡಬ್ಬಿಯಿಂದ ಡಬ್ಬಿಗೆ ಚರಗ ಚೆಲ್ಲಿದಳು. ಬಾ ಅವರ ಭಾಷೆ ಅವ್ವನಿಗೆ ಬರುವುದಿಲ್ಲ, ಅವ್ವನದು ಬಾ ಅವರಿಗೆ ಬರುವುದಿಲ್ಲ. ಸಂಜೆಯವರೆಗೆ ಇಬ್ಬರೂ ಅಲ್ಲೇ ಕೂತು ಮಾತಾಡಿದರು.

ಅಪ್ಪ ಪೋಂಕ್ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡಿದ್ದರು. ಸೇವ್ ಬೆರೆಸಲು ಬಿಡಲಿಲ್ಲ. ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತಿನ ಮೇಲೆ, "ಎರಿ ಹೊಲದ ಜ್ವಾಳ ಇದು" ಎಂದರು. ಈ ಸಲ ಊರಿಗೆ ಹೋದಾಗ ಕಬ್ಬಿನ ಬದುವಿಗೆ ನಾಲ್ಕು ಸಾಲು ಮಾಲದಂಡಿ ಹಾಕಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದಾರೆ. ನಾಲ್ಕೇ ಸಾಲು.

ಮಣಿನಗರದ ಹಿರಿಯರೇ, ನಿಮ್ಮ ಕಟ್ಟಡದ ಮಾಳಿಗೆಯ ಬೀಗದ ಕೈ ಯಾರ ಹತ್ತಿರ ಇದೆ? ವಿಚಾರಿಸಿ ಬರೆಯಿರಿ. ವಡೋದರಾದವರೂ ಬರೆಯಿರಿ, ನಿಮ್ಮಲ್ಲಿ ಪೋಂಕ್ ಯಾವ ವಾರ ಬರುತ್ತದೆ, ಅದನ್ನು ಏನು ಹಚ್ಚಿ ತಿನ್ನುತ್ತೀರಿ ಎಂದು. ಗುರೆಳ್ಳು ಚಟ್ನಿ ಬೇಕಾದವರು ಮೊದಲೇ ತಿಳಿಸಿ, ಅವ್ವ ಕಳಿಸಿದ ಡಬ್ಬಿಯಲ್ಲಿ ಇನ್ನೂ ಅರ್ಧ ಇದೆ.